ಅಮ್ಮನಿಗೂ ಚಿನ್ನಿಗೂ ಒಂದೇ ಇನ್ಸುಲಿನ್

ನಮ್ಮ ಫ್ರಿಜ್ಜಿನಲ್ಲಿ ಒಂದೇ ಥರದ ಎರಡು ಬಾಟಲಿಗಳಿವೆ. ಎರಡರಲ್ಲೂ ಇರುವುದು ಎನ್‌ಪಿಎಚ್ ಇನ್ಸುಲಿನ್. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅಮ್ಮ’ ಅಂತ ಬರೆದಿದೆ, ಇನ್ನೊಂದರ ಮೇಲೆ ‘ಚಿನ್ನಿ’. ಚಿನ್ನಿ ನಮ್ಮ ನಾಯಿ. ಬೀದಿಯಿಂದ ಬಂದು ಇಲ್ಲೇ ಠಿಕಾಣಿ ಹೂಡಿದವಳು, ಹನ್ನೆರಡು ಕೆಜಿ ತೂಕ.

ಮನುಷ್ಯರ ಇನ್ಸುಲಿನ್ ನಾಯಿಗೆ ಆಗುತ್ತಾ ಅಂತ ಬಂದವರೆಲ್ಲ ಕೇಳುತ್ತಾರೆ. ಆಗುತ್ತದೆ. ನಮ್ಮ ಇನ್ಸುಲಿನ್‌ಗೂ ನಾಯಿಯದಕ್ಕೂ ಇರುವುದು ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಬೇರೆಯಾಗುವುದು ಕೊಡುವ ಹೊತ್ತು. ಅದನ್ನು ಕಲಿಯುವುದಕ್ಕೇ ನನಗೆ ಜಾಸ್ತಿ ದಿನ ಹಿಡಿದದ್ದು.

ಮೊದಲು ಬಾಟಲಿಯೊಳಗೆ ಏನಿದೆ ನೋಡೋಣ. ಸಾದಾ ಇನ್ಸುಲಿನ್ ನೀರಿನ ಹಾಗೆ ತಿಳಿಯಾಗಿರುತ್ತದೆ, ಬೇಗ ಕೆಲಸ ಮಾಡಿ ಬೇಗ ಮುಗಿಯುತ್ತದೆ. ಅದನ್ನು ನಿಧಾನ ಮಾಡಲು 1930ರ ದಶಕದಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಎಂಬ ವೈದ್ಯರು ಪ್ರೋಟಮಿನ್ ಸೇರಿಸಿದರು. ಮೀನಿನ ವೀರ್ಯದಿಂದ ತೆಗೆಯುವ ಪ್ರೋಟೀನು ಅದು. 1946ರಲ್ಲಿ ಅವರ ಪ್ರಯೋಗಾಲಯದವರು ಇದನ್ನೇ ಸುಧಾರಿಸಿ ಎನ್‌ಪಿಎಚ್ ಮಾಡಿದರು. ಬಾಟಲಿಯ ತಳದಲ್ಲಿ ಕಾಣುವ ಬಿಳಿ ಗಸಿ ಅಂದರೆ ಇದರ ಸಣ್ಣ ಸಣ್ಣ ಹರಳುಗಳು. ಚರ್ಮದ ಕೆಳಗೆ ಕೂತು ಮೆಲ್ಲಗೆ ಕರಗುತ್ತವೆ. ಮೊಟ್ಟೆಯನ್ನೂ ಅಡುಗೆಮನೆಗೆ ಬಿಡದ ಅಮ್ಮನಿಗೆ ಈ ಮೀನಿನ ಕಥೆ ನಾನಿನ್ನೂ ಹೇಳಿಲ್ಲ.

ಮನುಷ್ಯರಲ್ಲಿ ಇದು ಒಂದೆರಡು ಗಂಟೆಯಲ್ಲಿ ಶುರುವಾಗುತ್ತದೆ. ನಾಲ್ಕರಿಂದ ಹತ್ತು ಗಂಟೆಯ ನಡುವೆ ಜೋರು. ಅದನ್ನೇ ಡಾಕ್ಟರು ‘ಪೀಕ್’ ಅನ್ನುತ್ತಾರೆ. ಹನ್ನೆರಡರಿಂದ ಹದಿನೆಂಟು ಗಂಟೆಗೆ ಮುಗಿಯುತ್ತದೆ. ಈ ಪೀಕ್ ಯಾವಾಗ ಬೀಳುತ್ತದೆ, ಆಗ ಹೊಟ್ಟೆಯಲ್ಲಿ ಏನಿರುತ್ತದೆ, ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಅಮ್ಮನಿಗೆ ಹಗಲು ಮಾತ್ರೆ, ರಾತ್ರಿ ಮಲಗುವಾಗ ಹತ್ತು ಯೂನಿಟ್. ರಾತ್ರಿ ಯಾಕೆ ಅಂದರೆ, ಬೆಳಗಿನ ಜಾವ ಲಿವರ್ ತಾನಾಗಿ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಏನೂ ತಿನ್ನದೆ ಎದ್ದರೂ ಖಾಲಿ ಹೊಟ್ಟೆಯ ಶುಗರ್ 180 ಇರುವುದು ಅದಕ್ಕೇ. ಹತ್ತು ಗಂಟೆಗೆ ಚುಚ್ಚಿದರೆ ಪೀಕ್ ಸರಿಯಾಗಿ ಅದರ ಹತ್ತಿರಕ್ಕೆ ಬರುತ್ತದೆ. ಆದರೆ ಅದು ನಡುರಾತ್ರಿಯನ್ನು ದಾಟಿಯೇ ಬರಬೇಕಲ್ಲ, ಅಪಾಯ ಇರುವುದು ಅಲ್ಲಿ. ಅಮ್ಮನಿಗೆ ಶನಿವಾರ ಒಪ್ಪತ್ತು. ರಾತ್ರಿ ಒಂದು ಹಿಡಿ ಅವಲಕ್ಕಿ, ಅಷ್ಟೇ. ಅಂಥ ಒಂದು ಶನಿವಾರ ರಾತ್ರಿ ಮೂರರ ಸುಮಾರಿಗೆ ಎಬ್ಬಿಸಿದರು. “ಯಾಕೋ ಮೈಯೆಲ್ಲ ಬೆವರ್ತಿದೆ ಕಣೋ, ಕೈ ನಡುಗ್ತಿದೆ.” ಮೀಟರಿನಲ್ಲಿ 58. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದೆ, 84. ಆಮೇಲೆ ಒಂದು ಬಾಳೆಹಣ್ಣು.

ಡಾಕ್ಟರು ಒಪ್ಪತ್ತು ಬಿಡಿ ಅನ್ನಲಿಲ್ಲ, ಅಂದಿದ್ದರೂ ಅಮ್ಮ ಬಿಡುತ್ತಿರಲಿಲ್ಲ. ಶನಿವಾರದ ಡೋಸನ್ನು ಅವರೇ ಕಮ್ಮಿ ಮಾಡಿಕೊಟ್ಟರು. ಮಲಗುವ ಮುಂಚೆ ನೋಡಿ, 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಮಲಗಿ ಅಂದರು.

ಚಿನ್ನಿಯ ಲೆಕ್ಕ ಬೇರೆ. ನಾಯಿಯ ಮೈಯಲ್ಲಿ ಎನ್‌ಪಿಎಚ್ ಬೇಗ ಮುಗಿಯುತ್ತದೆ, ಹಾಗಾಗಿ ಹನ್ನೆರಡು ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ. ಶುರುವಿಗೆ ಕೆಜಿಗೆ ಕಾಲು ಯೂನಿಟ್‌ನಿಂದ ಅರ್ಧ ಯೂನಿಟ್ ಕೊಡುವುದು ವಾಡಿಕೆ. ಚಿನ್ನಿಗೆ ಮೂರು ಯೂನಿಟ್‌ನಿಂದ ಶುರು ಮಾಡಿದರು. ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ. ಮೊದಲು ತಟ್ಟೆ, ಆಮೇಲೆ ಸೂಜಿ. ಮನುಷ್ಯರಾದರೆ ಮಿಕ್ಸ್ ಇನ್ಸುಲಿನ್, ಅಂದರೆ ಬೇಗದ್ದೂ ನಿಧಾನದ್ದೂ ಬೆರೆತದ್ದು, ಚುಚ್ಚಿಕೊಂಡು ಅರ್ಧ ಗಂಟೆಗೆ ಊಟಕ್ಕೆ ಕೂರುತ್ತಾರೆ. ನಾಯಿಗೆ ಹಾಗೆ ಮಾಡಿ, ಅದು ತಟ್ಟೆ ಮೂಸಿ ಹೊರಟುಹೋದರೆ? ಚುಚ್ಚಿದ್ದನ್ನು ವಾಪಸ್ ತೆಗೆಯಲು ಆಗಲ್ಲ. ಅರ್ಧ ತಿಂದರೆ ಅರ್ಧ ಡೋಸು, ಏನೂ ತಿನ್ನದಿದ್ದರೆ ಅಥವಾ ವಾಂತಿ ಮಾಡಿದರೆ ಮೊದಲು ಫೋನು, ಇದು ನಮ್ಮ ಪಶುವೈದ್ಯರ ನಿಯಮ. ನಿಮ್ಮ ನಾಯಿಗೆ ನಿಮ್ಮ ವೈದ್ಯರನ್ನೇ ಕೇಳಿ.

ಇಷ್ಟಾದರೂ ಮೊದಲು ಶುಗರ್ ಇಳಿಯಲೇ ಇಲ್ಲ. ಡೋಸು ಏರಿಸಿದ್ದೇ ಬಂತು. ಕಾರಣ ಅಂಡಾಶಯದಲ್ಲಿತ್ತು. ಹೆಣ್ಣುನಾಯಿ ಬೆದೆಗೆ ಬಂದ ಮೇಲೆ, ಗಬ್ಬವಾಗದಿದ್ದರೂ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಮೇಲೇ ಇರುತ್ತದೆ. ಅದಿರುವಷ್ಟು ದಿನ ಇನ್ಸುಲಿನ್ ಮಾತು ನಡೆಯುವುದಿಲ್ಲ. ಮರಿಯಾಗದಂತೆ ಅಂಡಾಶಯ ತೆಗೆಸುವ ಆಪರೇಷನ್ ಮಾಡಿಸಿದ ಮೇಲೆ ಡೋಸು ಇಳಿಯುತ್ತಾ ಬಂತು. ಸಕ್ಕರೆ ಕಾಯಿಲೆಯ ಹೆಣ್ಣುನಾಯಿಗೆ ಇನ್ನೂ ಆಪರೇಷನ್ ಆಗಿಲ್ಲ ಅಂದರೆ, ಅದನ್ನು ಬಿಟ್ಟು ಬರೀ ಡೋಸಿನ ಜತೆ ಗುದ್ದಾಡುವುದು ದಂಡ ಅಂತಲೇ ನನ್ನ ಅಭಿಪ್ರಾಯ.

ಈಗ ಚುಚ್ಚುವ ಕೆಲಸ. ಬಾಟಲಿ ಹೊರಗೆ ತೆಗೆದಾಗ ತಳದಲ್ಲಿ ಬಿಳಿ ಗಸಿ, ಮೇಲೆ ತಿಳಿನೀರು. ಕುಲುಕಬಾರದು, ನೊರೆ ಬಂದರೆ ಡೋಸು ತಪ್ಪುತ್ತದೆ. ಎರಡು ಅಂಗೈ ನಡುವೆ ಬತ್ತಿ ಹೊಸೆದ ಹಾಗೆ ಮೆಲ್ಲಗೆ ಉರುಳಿಸುತ್ತೇನೆ, ಇಡೀ ಬಾಟಲಿ ಹಾಲಿನ ಬಣ್ಣಕ್ಕೆ ಬರುವ ತನಕ. ಗಂಟು ಉಳಿದರೆ, ಅಥವಾ ಗಾಜಿನ ಒಳಗೆ ಹಿಮ ಕಟ್ಟಿದ ಹಾಗೆ ಕಂಡರೆ ಆ ಬಾಟಲಿ ಕಸಕ್ಕೆ. ಚಿನ್ನಿಗೆ ಹೆಗಲ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಆ ಮಡಿಕೆಯ ಬುಡಕ್ಕೆ ಸೂಜಿ. ದಿನಾ ಜಾಗ ಸ್ವಲ್ಪ ಬದಲಿಸಬೇಕು. ಚುಚ್ಚಿದ ಮೇಲೆ ಕೂದಲನ್ನು ಮುಟ್ಟಿ, ಬೆರಳು ಮೂಸಿ ನೋಡುತ್ತೇನೆ. ಒದ್ದೆಯಾಗಿದ್ದು ಆಸ್ಪತ್ರೆ ವಾಸನೆ ಬಂದರೆ, ಸೂಜಿ ಮಡಿಕೆಯ ಆಚೆ ತೂರಿ ಔಷಧಿ ಹೊರಗೆ ಹೋಗಿದೆ ಅಂತ ಅರ್ಥ. ಆಗ ಎರಡನೇ ಸಲ ಚುಚ್ಚುವಂತಿಲ್ಲ. ಎಷ್ಟು ಒಳಗೆ ಹೋಯಿತು ಅಂತ ಯಾರಿಗೆ ಗೊತ್ತು? ಒಂದು ಹೊತ್ತು ಶುಗರ್ ಜಾಸ್ತಿ ಇದ್ದರೆ ನಾಯಿ ನೀರು ಕುಡಿಯುತ್ತದೆ ಅಷ್ಟೇ. ತೀರಾ ಇಳಿದರೆ ಜೀವಕ್ಕೇ ಬರುತ್ತದೆ.

ಸಿರಿಂಜಿನ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಮೆರಿಕದ ಕಡೆ 100 ಯೂನಿಟ್, ಕಿತ್ತಳೆ ಮುಚ್ಚಳ. ನಮ್ಮಲ್ಲೂ ಪೆನ್ನಿನ ಕಾರ್ಟ್ರಿಜ್ 100ರದ್ದೇ. ಅಮೆರಿಕದಿಂದ ಬಂದ ನೆಂಟರೊಬ್ಬರು ಸೂಜಿ ತುಂಬಾ ಸಣ್ಣದು, ನೋವಾಗಲ್ಲ ಅಂತ ಒಂದು ಡಬ್ಬ ಕಿತ್ತಳೆ ಸಿರಿಂಜು ತಂದುಕೊಟ್ಟರು. ಅದರಲ್ಲಿ ನಮ್ಮ ಬಾಟಲಿಯಿಂದ ಹತ್ತರ ಗೆರೆಗೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್. ಉಲ್ಟಾ ಮಾಡಿದರೆ, ಅಂದರೆ 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತಕ್ಕೆ ಎಳೆದರೆ, ಇಪ್ಪತ್ತೈದು! ಆ ಡಬ್ಬ ಹಾಗೇ ಅಟ್ಟದ ಮೇಲಿದೆ.

ಮೀಟರು ಅಮ್ಮನದನ್ನೇ ಬಳಸುತ್ತೇವೆ. ನಾಯಿ ರಕ್ತಕ್ಕೆ ಮನುಷ್ಯರ ಮೀಟರು ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ತೋರಿಸುತ್ತದೆ, ಅದು ವೈದ್ಯರಿಗೂ ಗೊತ್ತಿರಬೇಕು. ಅವರು ಹೇಳಿದಾಗ ಒಂದು ಇಡೀ ಹಗಲು ಎರಡು ಗಂಟೆಗೊಮ್ಮೆ ಕಿವಿಯ ಅಂಚಿನಿಂದ ಹನಿ ರಕ್ತ ತೆಗೆದು ಬರೆದುಕೊಳ್ಳುತ್ತೇನೆ. ಎಲ್ಲಕ್ಕಿಂತ ಕೆಳಗಿನ ಅಂಕಿ 80ರಿಂದ 150ರ ಒಳಗಿದ್ದರೆ ಅವರಿಗೆ ಸಮಾಧಾನ.

ಚಿನ್ನಿಯ ಕಣ್ಣು ಮಾತ್ರ ಉಳಿಯಲಿಲ್ಲ. ಜಾಸ್ತಿಯಾದ ಸಕ್ಕರೆ ಕಣ್ಣಿನ ಮಸೂರದೊಳಗೆ ಸಾರ್ಬಿಟಾಲ್ ಎಂಬ ವಸ್ತುವಾಗಿ ನೀರು ಎಳೆದುಕೊಳ್ಳುತ್ತದೆ, ಮಸೂರ ಮಂಜಾಗಿ ಪೊರೆ ಬರುತ್ತದೆ. ನಾಯಿಗಳಲ್ಲಿ ಇದು ತೀರಾ ಸಾಮಾನ್ಯ, ಬೆಕ್ಕುಗಳಲ್ಲಿ ಅಪರೂಪ. ಬೆಕ್ಕಿಗೆ ಎನ್‌ಪಿಎಚ್ ಅಷ್ಟಾಗಿ ಹೊಂದುವುದೂ ಇಲ್ಲ, ತುಂಬಾ ಬೇಗ ಮುಗಿದುಹೋಗುತ್ತದೆ. ಅದಕ್ಕೆ ಗ್ಲಾರ್ಜಿನ್ ಥರದ, ಇನ್ನೂ ನಿಧಾನದ ಇನ್ಸುಲಿನ್ ಬರೆಯುತ್ತಾರೆ, ಕೆಲವು ಬೆಕ್ಕುಗಳು ಇನ್ಸುಲಿನ್ನೇ ಬಿಟ್ಟು ಬದುಕುವ ಮಟ್ಟಕ್ಕೂ ಬರುತ್ತವೆ. ನಾಯಿಗೆ ಆ ಭಾಗ್ಯ ಸಾಮಾನ್ಯವಾಗಿ ಇಲ್ಲ.

ಕರೆಂಟ್ ಹೋದರೆ ಗಾಬರಿ ಬೇಡ, ಬಿಸಿಲು ತಾಗದ ತಣ್ಣನೆ ಜಾಗದಲ್ಲಿ ಬಾಟಲಿ ಇಡಬಹುದು. ಫ್ರೀಜರಿಗೆ ಮಾತ್ರ ಬೇಡವೇ ಬೇಡ. ತೆರೆದ ಬಾಟಲಿ ನಾಲ್ಕು ವಾರದ ಮೇಲೆ ನಾನು ಬಳಸುವುದಿಲ್ಲ. ಚಿನ್ನಿಯ ಬಾಟಲಿಯಲ್ಲಿ ಅಷ್ಟೊತ್ತಿಗೆ ಇನ್ನೂ ಅರ್ಧ ಉಳಿದಿರುತ್ತದೆ, ಹೊಟ್ಟೆ ಉರಿಯುತ್ತದೆ, ಆದರೂ ಎಸೆಯುತ್ತೇನೆ.

ನಾನು ಊರಲ್ಲಿಲ್ಲದಾಗ ಅಮ್ಮನೇ ಚಿನ್ನಿಗೆ ಚುಚ್ಚುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ತಿಂದ ಮೇಲೆ ಸೂಜಿ. ತೂರಾಡಿದರೆ ವಸಡಿಗೆ ಜೇನುತುಪ್ಪ ಸವರಿ ಆಸ್ಪತ್ರೆಗೆ ಫೋನು, ಬಾಯಿಗೆ ಸುರಿಯಬೇಡ. ಕೊನೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ನಿನ್ನ ಶುಗರ್‌ಫ್ರೀ ಮಿಠಾಯಿ ಅವಳಿಗೆ ಕೊಡಬೇಡ. ಅಂಥ ಕೆಲವು ತಿಂಡಿಗಳಲ್ಲಿರುವ ಕ್ಸೈಲಿಟಾಲ್ ನಾಯಿಗಳಿಗೆ ವಿಷ, ಶುಗರನ್ನು ಒಮ್ಮೆಲೇ ಕೆಳಕ್ಕೆ ತಳ್ಳುತ್ತದೆ.