ಫ್ರೀಜರ್‌ನಲ್ಲಿ ಗಾಜಿನ ಜಾಡಿ ಒಡೆಯದ ಹಾಗೆ ಸೂಪು, ರಸ ಇಡುವುದು ಹೇಗೆ

ಆಟಿ 18 ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ಆವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ಕೊಡಗಿನ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆ ಆಗುತ್ತದೆ. ಅದರಲ್ಲೇ ಪಾಯಸ ಮಾಡುತ್ತೇವೆ. ಮೈಸೂರಿನಲ್ಲಿ ಕೆಲಸ ಮಾಡುವ ನನ್ನ ಮಗಳಿಗೆ ಒಂದು ವರ್ಷ ಆ ದಿನಕ್ಕೆ ರಜೆ ಸಿಗಲಿಲ್ಲ. ಅವಳು ಬಂದಾಗ ಮಾಡಿಕೊಡೋಣ ಅಂತ ಒಂದು ಗಾಜಿನ ಬಾಟಲಿ ತುಂಬ ರಸ ಸೋಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಫ್ರೀಜರ್‌ನಲ್ಲಿ ಇಟ್ಟೆ.

ಬೆಳಿಗ್ಗೆ ಕತ್ತು ಹಿಡಿದು ಎತ್ತಿದರೆ ಕತ್ತು ಮಾತ್ರ ಕೈಗೆ ಬಂತು. ಬಾಟಲಿಯ ಹೊಟ್ಟೆ ಅಲ್ಲೇ ಉಳಿಯಿತು. ಕತ್ತಿನ ಕೆಳಗೆ, ಬಾಟಲಿ ಕಿರಿದಾಗುವ ಜಾಗದಲ್ಲಿ, ಸುತ್ತಲೂ ದಾರ ಕಟ್ಟಿ ಕೊಯ್ದ ಹಾಗೆ ಸೀಳಿತ್ತು. ನೇರಳೆ ಮಂಜುಗಡ್ಡೆ ಮಾತ್ರ ಅಲುಗದೆ ನಿಂತಿತ್ತು. "ತೆಳು ಬಟ್ಟೆಯಲ್ಲಿ ಸೋಸಿದರೆ ಆಗಲ್ವಾ ಮಗಾ? ಮಳೆಯಲ್ಲಿ ನೆನೆದುಕೊಂಡು ಕೊಯ್ದ ಸೊಪ್ಪು" ಅಂದರು ಅತ್ತೆ. ಆಗುವುದಿಲ್ಲ ಅತ್ತೆ ಅಂದೆ. ಗಾಜಿನ ಸಣ್ಣ ಚೂರು ಕಣ್ಣಿಗೂ ಕಾಣುವುದಿಲ್ಲ, ಬಟ್ಟೆಗೂ ಸಿಗುತ್ತದೆ ಅಂತ ನಂಬುವ ಹಾಗಿಲ್ಲ. ಅಷ್ಟೂ ಎಸೆದೆ.

ಆಮೇಲೆ ಪ್ಲಾಸ್ಟಿಕ್ ಡಬ್ಬಿಗೆ ಹೋಗಬಹುದಿತ್ತು. ಆದರೆ ಮದ್ದು ಸೊಪ್ಪಿನ ಬಣ್ಣ ಪ್ಲಾಸ್ಟಿಕ್‌ಗೆ ಹತ್ತಿದರೆ ಬಿಡುವುದಿಲ್ಲ. ಕಣಿಲೆ (ಎಳೆ ಬಿದಿರು) ಸಾರಿನ ವಾಸನೆ ಅಂತೂ ಎಷ್ಟು ತೊಳೆದರೂ ಹೋಗುವುದಿಲ್ಲ. ಗಾಜಿಗೆ ಬಣ್ಣವೂ ಹತ್ತುವುದಿಲ್ಲ, ವಾಸನೆಯೂ ಕೂರುವುದಿಲ್ಲ. ಅದಕ್ಕೇ ನಾನು ಗಾಜನ್ನು ಬಿಡಲಿಲ್ಲ, ಇಡುವ ರೀತಿ ಬದಲಾಯಿಸಿದೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಬರೀ ಚಳಿಗೆ ಗಾಜು ಒಡೆಯುವುದಿಲ್ಲ. ಒಳಗಿನ ಐಸಿಗೆ ಹೋಗಲು ಜಾಗ ಇಲ್ಲದಿದ್ದರೆ ಒಡೆಯುತ್ತದೆ. ಇಲ್ಲ ಅಂದರೆ ಬಿಸಿಯಿಂದ ತಣ್ಣಗೆ, ತಣ್ಣಗಿನಿಂದ ಬಿಸಿಗೆ ಒಂದೇ ಸಲ ಹಾರಿಸಿದರೆ ಒಡೆಯುತ್ತದೆ. ನೀರು ಐಸ್ ಆಗುವಾಗ ಸುಮಾರು 9% ಹಿಗ್ಗುತ್ತದೆ. ಅರ್ಧ ಲೀಟರ್ ನೀರು ಹೆಚ್ಚುಕಡಿಮೆ 545 ಮಿಲಿ ಜಾಗ ಕೇಳುತ್ತದೆ. ಸಾರು, ಸೂಪು, ಹಣ್ಣಿನ ರಸ ಎಲ್ಲದರಲ್ಲೂ ಜಾಸ್ತಿ ಇರುವುದು ನೀರೇ ಅಲ್ವಾ?

ಇದನ್ನು ಕಣ್ಣಾರೆ ನೋಡಬೇಕು ಅಂತ ಒಂದು ಅಗಲ ಬಾಯಿಯ ಜಾಡಿಗೆ ಬರೀ ನೀರು ಹಾಕಿ, ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಅದನ್ನು ಸ್ಟೀಲ್ ಡಬ್ಬಿಯೊಳಗೆ ಕೂರಿಸಿ ಫ್ರೀಜರ್‌ಗೆ ಹಾಕಿದೆ. ಆಗಾಗ ತೆಗೆದು ನೋಡುತ್ತಿದ್ದೆ. ಮೊದಲು ಗಾಜಿನ ಗೋಡೆಗೆ ತಾಗಿದ ನೀರು ಗಟ್ಟಿಯಾಯಿತು. ಆಮೇಲೆ ಮೇಲೊಂದು ಪದರ ಕಟ್ಟಿತು. ನಡುವಿನ ನೀರು ಇನ್ನೂ ನೀರಾಗಿಯೇ ಇತ್ತು. ಮರುದಿನ ಐಸು ಗೆರೆ ದಾಟಿ ಮೇಲೆ ಬಂದಿತ್ತು, ನಡುವೆ ಇಡ್ಲಿಯ ಬೆನ್ನಿನ ಹಾಗೆ ಉಬ್ಬಿತ್ತು. ಕೊನೆಗೆ ಗಟ್ಟಿಯಾಗುವ ನಡುಭಾಗ ಮೇಲಕ್ಕೇ ತಳ್ಳಬೇಕು. ಜಾಡಿ ಕೆಳಗಿನಿಂದ ಬಾಯಿಯವರೆಗೆ ನೆಟ್ಟಗಿದ್ದರೆ ಐಸು ಸಲೀಸಾಗಿ ಮೇಲೇರುತ್ತದೆ. ಕತ್ತು ಕಿರಿದಾಗಿದ್ದರೆ ಅಲ್ಲಿ ಸಿಕ್ಕಿಹಾಕಿಕೊಂಡು ಗಾಜನ್ನೇ ಸೀಳುತ್ತದೆ. ನನ್ನ ಬಾಟಲಿ ಸರಿಯಾಗಿ ಅದೇ ಜಾಗದಲ್ಲಿ ಹೋಗಿತ್ತು.

ಈಗ ಹೊಸ ಜಾಡಿ ತಂದರೆ ಮೊದಲು ನೀರು ಹಾಕಿಯೇ ಪರೀಕ್ಷೆ ಮಾಡುತ್ತೇನೆ. ಒಡೆಯುವುದಾದರೆ ನೀರಿನ ಜೊತೆ ಒಡೆಯಲಿ, ಕಾಲು ಸೂಪಿನ ಜೊತೆ ಬೇಡ.

ಜಾಡಿ ಕೊಳ್ಳುವಾಗ ದಪ್ಪ ಗಾಜಿನದು, ಅಗಲ ಬಾಯಿಯದು, ಗೋಡೆ ನೆಟ್ಟಗಿರುವುದು ನೋಡಿ. ಫ್ರೀಜರ್‌ಗೆ ಆಗುತ್ತದೆ ಅಂತ ಬರೆದಿರಬೇಕು, ಇಲ್ಲವೇ ಹಿಮದ ಹರಳಿನ ಗುರುತು ಇರಬೇಕು. ಅರ್ಧ ಲೀಟರಿನದು ಸಾಕು. ದೊಡ್ಡ ಜಾಡಿ ತಣಿಯುವುದೂ ನಿಧಾನ, ಕರಗುವುದೂ ನಿಧಾನ. ಜಾಮ್, ಉಪ್ಪಿನಕಾಯಿ ಖಾಲಿಯಾದ ಬಾಟಲಿಗಳನ್ನು ಕಾಳುಮೆಣಸು, ಏಲಕ್ಕಿ ಹಾಕಲು ಇಟ್ಟುಕೊಳ್ಳಿ. ಫ್ರೀಜರ್‌ಗೆ ಬೇಡ. ಇನ್ನೊಂದು ತಪ್ಪು ತಿಳುವಳಿಕೆ ಇದೆ. ಬೋರೋಸಿಲಿಕೇಟ್ ಗಾಜು ಒಡೆಯುವುದೇ ಇಲ್ಲ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಬಿಸಿ, ತಣ್ಣಗಿನ ವ್ಯತ್ಯಾಸವನ್ನು ಮಾಮೂಲಿ ಗಾಜಿಗಿಂತ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಐಸು ಒಳಗಿನಿಂದ ತಳ್ಳಿದರೆ ಅದೂ ಒಡೆಯುತ್ತದೆ.

ಪ್ರತಿ ಸಲ ತುಂಬುವ ಮೊದಲು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ. ಬಾಯಿಯ ಅಂಚಿಗೆ ಉಗುರು ಆಡಿಸಿ. ಎಲ್ಲಾದರೂ ಉಗುರು ಸಿಕ್ಕಿದರೆ, ಕೂದಲೆಳೆಯಷ್ಟು ಗೀರು ಕಂಡರೂ, ಆ ಜಾಡಿ ಬೇಡ.

ಮುಂದಿನದು ತಣಿಸುವುದು. ಒಲೆಯಿಂದ ಇಳಿಸಿದ ಸೂಪನ್ನು ಅಗಲವಾದ ಪಾತ್ರೆಗೆ ಸುರಿಯಿರಿ. ಆ ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿ ಇಟ್ಟು ಸೌಟಿನಿಂದ ಕದಡುತ್ತಿರಿ. ನಮ್ಮ ಬಾವಿ ನೀರು ಮಳೆಗಾಲದಲ್ಲಿ ಎಷ್ಟು ತಣ್ಣಗಿರುತ್ತದೆ ಅಂದರೆ ಎರಡು ಸಲ ನೀರು ಬದಲಾಯಿಸುವಷ್ಟರಲ್ಲಿ ಬಿಸಿ ಹೋಗಿರುತ್ತದೆ. "ಹೊರಗೇ ಚಳಿ ಇದೆಯಲ್ಲ, ರಾತ್ರಿ ಅಲ್ಲೇ ಇರಲಿ" ಅಂತ ಬಿಡಬೇಡಿ. ಮಾಂಸದ ಸೂಪು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ಬಿಸಿ ಪೂರ್ತಿ ಹೋದ ಮೇಲೆ ಜಾಡಿಗೆ ತುಂಬಿ, ಮೊದಲು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ರಾತ್ರಿ ಇಡಿ. ಮರುದಿನ ಬೆಳಿಗ್ಗೆ ಮೇಲೆ ಫ್ರೀಜರ್‌ಗೆ ಹಾಕಿ.

ಎಷ್ಟು ತುಂಬಬೇಕು? ನೆಟ್ಟಗಿನ ಅರ್ಧ ಲೀಟರ್ ಜಾಡಿಯಾದರೆ ಮೇಲೆ ಕನಿಷ್ಠ ಅರ್ಧ ಇಂಚು ಖಾಲಿ ಇರಬೇಕು, ಒಂದು ಲೀಟರಿನದಾದರೆ ಒಂದು ಇಂಚು. ನಾನು ಇಂಚು ಅಳೆಯುವುದಿಲ್ಲ. ಚಿಕ್ಕ ಜಾಡಿಗೆ ಒಂದೂವರೆ ಬೆರಳು, ದೊಡ್ಡದಕ್ಕೆ ಎರಡು ಬೆರಳು ಅಡ್ಡ ಇಟ್ಟು ನೋಡುತ್ತೇನೆ. ಜಾಡಿಗೆ ಸ್ವಲ್ಪವಾದರೂ ಕತ್ತು ಇದ್ದರೆ ಲೆಕ್ಕ ಬೇರೆ. ಕಿರಿದಾಗಲು ಶುರುವಾಗುವ ಜಾಗಕ್ಕಿಂತ ಕೆಳಗೇ ನಿಲ್ಲಿಸಿ. ಎಷ್ಟೇ ಖಾಲಿ ಕಂಡರೂ ಇನ್ನೊಂದು ಸೌಟು ಹಾಕಬೇಡಿ.

ಮುಚ್ಚಳ ಮೊದಲ ದಿನ ಸುಮ್ನೆ ಮೇಲೆ ಇಟ್ಟಿರಬೇಕು ಅಷ್ಟೇ. ನಾಲ್ಕು ಕಡೆ ಕ್ಲಿಪ್ ಇರುವ ಡಬ್ಬಿಯಾದರೆ ಕ್ಲಿಪ್ ಹಾಕಬೇಡಿ. ಪೂರ್ತಿ ಗಟ್ಟಿಯಾದ ಮೇಲೆ ಬಿಗಿ ಮಾಡಿ. ಜಾಡಿಗಳನ್ನು ನಿಲ್ಲಿಸಿಯೇ ಇಡಿ, ಮಲಗಿಸಬೇಡಿ. ಒಂದಕ್ಕೊಂದು ತಾಗಬಾರದು, ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಅಡಿಗೆ ಮಡಚಿದ ಬಟ್ಟೆ ಹಾಕಿದರೆ ಜಾರುವುದಿಲ್ಲ. ಹೆಸರು, ತಾರೀಕು ಬರೆಯುವ ಟೇಪನ್ನು ಜಾಡಿ ಒಣಗಿರುವಾಗಲೇ ಅಂಟಿಸಿ. ಐಸು ಹತ್ತಿದ ಮೇಲೆ ಯಾವ ಟೇಪೂ ನಿಲ್ಲುವುದಿಲ್ಲ.

ತೆಂಗಿನ ಹಾಲು, ಪ್ಯಾಶನ್ ಫ್ರೂಟ್ ತಿರುಳು ಇಂಥವಕ್ಕೆ ಇನ್ನೂ ಸುಲಭದ ದಾರಿ ಇದೆ. ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿ, ಆ ತುಂಡುಗಳನ್ನು ಮೊದಲೇ ತಣ್ಣಗೆ ಮಾಡಿದ ಜಾಡಿಗೆ ತುಂಬಿಡಿ. ಹಿಗ್ಗುವುದೆಲ್ಲ ಟ್ರೇಯಲ್ಲೇ ಮುಗಿದಿರುತ್ತದೆ. ತೆಂಗಿನ ಹಾಲು ಕರಗಿದಾಗ ಒಡೆದ ಹಾಗೆ ಕಾಣುತ್ತದೆ, ಕದಡುತ್ತಾ ಬಿಸಿ ಮಾಡಿದರೆ ಸಾರಿಗೆ ತೊಂದರೆ ಇಲ್ಲ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿಗೆ ಫ್ರೀಜರ್ ಬೇಡವೇ ಬೇಡ, ಅದು ಹೊರಗೇ ವರ್ಷಗಟ್ಟಲೆ ಇರುತ್ತದೆ. ಮನೆಯಲ್ಲಿ ಮಾಡಿದ ವೈನ್ ಬೇಗ ತಣ್ಣಗಾಗಲಿ ಅಂತ ಬಾಟಲಿ ಸಮೇತ ಫ್ರೀಜರ್‌ನಲ್ಲಿಟ್ಟು ಮರೆಯಬೇಡಿ. ವೈನ್ ಐಸ್ ಆಗುವುದಿಲ್ಲ ಅನ್ನುತ್ತಾರೆ. ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲಿ ಅದೂ ಆಗುತ್ತದೆ, ಬಾಟಲಿಯೂ ಹೋಗುತ್ತದೆ.

ನಮ್ಮ ಊರಿಗೆ ಇನ್ನೊಂದು ಕಷ್ಟ ಇದೆ, ಕರೆಂಟು. ನಾನಿರುವುದು ಭಾಗಮಂಡಲದ ಕಡೆ. ಜುಲೈ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಒಂದು ಸ್ಟೀಲ್ ಲೋಟದಲ್ಲಿ ಐಸ್ ಮಾಡಿ, ಮೇಲೊಂದು ನಾಣ್ಯ ಇಟ್ಟು, ಅದನ್ನು ಯಾವಾಗಲೂ ಅಲ್ಲೇ ಬಿಟ್ಟಿರುತ್ತೇನೆ. ಕರೆಂಟು ಬಂದ ಮೇಲೆ ನಾಣ್ಯ ತಳದಲ್ಲಿ ಇದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಮಾಂಸದ ಸೂಪು ಎಸೆಯುತ್ತೇನೆ, ಎಷ್ಟು ಬೇಜಾರಾದರೂ. ಸೂಪಿನ ನಡುವೆ ಐಸ್ ಇನ್ನೂ ಉಳಿದಿದ್ದು, ಮುಟ್ಟಿದರೆ ಫ್ರಿಜ್ಜಿನಷ್ಟೇ ತಣ್ಣಗಿದ್ದರೆ ಚೆನ್ನಾಗಿ ಕುದಿಸಿ ಆವತ್ತೇ ಮುಗಿಸುತ್ತೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಮಾಂಸದ್ದು ಜಾಸ್ತಿ ಕೂಡಿಡುವುದೇ ಇಲ್ಲ.

ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಒಡೆಯಬಹುದು. ಆಗ ಬರಿಗೈ ಹಾಕಬೇಡಿ. ದಪ್ಪ ಗವಸು ಹಾಕಿ ತೆಗೆಯಿರಿ, ಒದ್ದೆ ಪೇಪರ್‌ನಿಂದ ಒರೆಸಿ. ಹತ್ತಿರ ಬಾಯಿ ತೆರೆದು ಇಟ್ಟ ಪದಾರ್ಥ ಏನಾದರೂ ಇದ್ದರೆ ಅದನ್ನೂ ಬಿಸಾಡಿ. ಚೂರುಗಳನ್ನು ಪೇಪರ್‌ನಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ "ಗಾಜು" ಅಂತ ಬರೆದು ಕೊಡಿ. ಕಸ ತೆಗೆದುಕೊಂಡು ಹೋಗುವವರ ಕೈಗೂ ಜೀವ ಇದೆ.

ಕರಗಿಸುವಾಗ ಅವಸರ ಬೇಡ. ನಾಳೆ ಸಂಜೆಗೆ ಬೇಕು ಅಂದರೆ ಇವತ್ತು ರಾತ್ರಿಯೇ ಜಾಡಿಯನ್ನು ತಟ್ಟೆಯ ಮೇಲಿಟ್ಟು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡಿ. ಬದಿ ಕರಗಿ ಗಡ್ಡೆ ಅಲುಗಾಡಿದರೆ ಸಾಕು, ಪಾತ್ರೆಗೆ ಜಾರಿಸಿ ಒಲೆಯ ಮೇಲೆ ಕುದಿಸಿ. ಜಾಡಿಯನ್ನೇ ಒಲೆಯ ಮೇಲೆ, ಬಿಸಿನೀರಿನಲ್ಲಿ, ಮೈಕ್ರೋವೇವ್‌ನಲ್ಲಿ ಇಡಬೇಡಿ. ಚಾಕು, ಚಮಚ ಹಾಕಿ ಚುಚ್ಚಬೇಡಿ.

ಈಗ ಮಗಳು ಬಂದು ಹೋಗುವಾಗ ನಾಲ್ಕು ಜಾಡಿ ಮದ್ದು ಸೊಪ್ಪಿನ ರಸವನ್ನು ಪೇಪರ್ ಸುತ್ತಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೋಡಿಸಿ ಕೊಡುತ್ತೇನೆ. ಮೈಸೂರು ಮುಟ್ಟುವಾಗ ನಡುಭಾಗ ಇನ್ನೂ ಗಟ್ಟಿಯಾಗಿರುತ್ತದಂತೆ. ಮೊದಲ ವರ್ಷ ಅವಳು ರಸ ಪಾತ್ರೆಗೆ ಸುರಿದ ಕೂಡಲೇ ಖಾಲಿ ಜಾಡಿಗೆ ಗೀಸರಿನ ಬಿಸಿನೀರು ಬಿಟ್ಟಳು. ಟಪ್ ಅಂತ ತಳ ಬಿರಿಯಿತು. ಖಾಲಿ ಜಾಡಿಯನ್ನೂ ಅರ್ಧ ಗಂಟೆ ಹಾಗೇ ಬಿಟ್ಟು, ಕೈಗೆ ಚಳಿ ತಾಗದ ಮೇಲೆ ತೊಳೆಯಿರಿ.