ಕಾರೇ ಗತಿಯಾದ ಊರಲ್ಲಿ ಕೆಲಸಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕು?

ಎಲ್ಲರೂ ಕಾರಲ್ಲೇ ಓಡಾಡುವ ಊರಿನಲ್ಲಿ ದಾರಿ ಬದಲಿಸುವ ಮುಂಚೆ ಹೊರಡುವ ಹೊತ್ತನ್ನು ಬದಲಿಸಿ ನೋಡಿ. ಯಾಕೆಂದು ಸಿಗ್ನಲ್ಲಿನ ಲೆಕ್ಕವೇ ಹೇಳುತ್ತದೆ.

ಹಸಿರು ಬಿದ್ದಾಗ ಮುಂದಿನ ಕಾರುಗಳು ಕದಲುವಷ್ಟರಲ್ಲಿ ಸುಮಾರು 2 ಸೆಕೆಂಡು ಹೋಗುತ್ತದೆ. ಆಮೇಲೆ ಒಂದು ಲೇನಿನಲ್ಲಿ ಹೆಚ್ಚುಕಡಿಮೆ 2 ಸೆಕೆಂಡಿಗೊಂದು ಕಾರು ದಾಟುತ್ತದೆ. ಹಸಿರು 30 ಸೆಕೆಂಡು ಇದ್ದರೆ 14 ಕಾರು, ಅಷ್ಟೇ. ಸಿಗ್ನಲ್ಲಿನ ಒಂದು ಸುತ್ತು 90 ಸೆಕೆಂಡು ಎಂದಿಟ್ಟುಕೊಳ್ಳಿ. ಸುತ್ತಿಗೆ 13 ಕಾರು ಬರುವವರೆಗೆ ಎಲ್ಲರೂ ಒಂದೇ ಹಸಿರಿಗೆ ದಾಟುತ್ತಾರೆ. 16 ಬಂದರೆ ಪ್ರತಿ ಸಲ ಎರಡು ಉಳಿಯುತ್ತವೆ. ಅರ್ಧ ಗಂಟೆಯಲ್ಲಿ 20 ಸುತ್ತು, 40 ಕಾರಿನ ಬಾಕಿ. ಆಗ ಬಂದವರಿಗೆ ಆ ಒಂದು ಸಿಗ್ನಲ್ಲಿನಲ್ಲೇ ನಾಲ್ಕು ನಿಮಿಷದ ಮೇಲೆ ಹೆಚ್ಚು ಕಾಯುವ ಪಾಡು. ಬರುವ ಕಾರು ಕಡಿಮೆಯಾದರೂ ಬಾಕಿ ಕರಗಲು ಸಮಯ ಬೇಕು. ಆದ್ದರಿಂದ ದಟ್ಟಣೆಗೆ ಮುಂಚೆ ಹೊರಡುವುದು, ಮುಗಿಯಿತೆಂದುಕೊಂಡು ಹೊರಡುವುದಕ್ಕಿಂತ ಲೇಸು.

ಕೆಲಸದ ಹತ್ತು ದಿನ ಬರೆದಿಡಿ: ಮನೆ ಬಾಗಿಲು ಹಾಕಿದ ಹೊತ್ತು, ಕಾರು ನಿಲ್ಲಿಸಿದ ಹೊತ್ತು, ಕುರ್ಚಿಯಲ್ಲಿ ಕೂತ ಹೊತ್ತು. ಪಾರ್ಕಿಂಗಿಗೆ ಜಾಗ ಹುಡುಕಿ ನಡೆದು ಹೋಗುವ ಸಮಯವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ತಡವಾಗುವುದು ಅಲ್ಲೇ. ಮಳೆ, ಶಾಲೆಗೆ ರಜೆ ಇದ್ದರೆ ಪಕ್ಕದಲ್ಲಿ ಗುರುತು ಹಾಕಿ. ಸರಾಸರಿ ತೆಗೆಯಬೇಡಿ, ಸರಾಸರಿ ನಂಬಿ ಹೊರಟವರು ಹೆಚ್ಚುಕಡಿಮೆ ದಿನ ಬಿಟ್ಟು ದಿನ ತಡವಾಗುತ್ತಾರೆ. ಹತ್ತರಲ್ಲಿ ಎರಡನೇ ಅತಿ ಕೆಟ್ಟ ದಿನದ ಸಮಯವನ್ನೇ ಹಿಡಿಯಿರಿ.

ಮುಂದಿನ ಐದು ದಿನ 15 ನಿಮಿಷ ಮುಂಚೆ ಹೊರಡಿ, ದಾರಿ ಅದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಉಳಿಯಿತೆಂದು ಗೊತ್ತಾಗದು. ದಾರಿಯಲ್ಲಿ ಶಾಲೆಯಿದ್ದರೆ ಬೆಲ್ ಹೊಡೆಯುವ ಹೊತ್ತು ತಿಳಿದುಕೊಂಡು ಅದಕ್ಕೆ ಮುಂಚಿನ ಅರ್ಧ ಗಂಟೆ ತಪ್ಪಿಸಿ. ಮಕ್ಕಳನ್ನು ಇಳಿಸಲು ನಿಂತ ಕಾರುಗಳು ಒಂದು ಲೇನನ್ನೇ ನುಂಗಿಬಿಡುತ್ತವೆ.

ಒಳರಸ್ತೆ ಹಿಡಿಯುವುದಾದರೆ ಅದು ಮುಖ್ಯರಸ್ತೆಗೆ ಸೇರುವ ಜಾಗ ನೋಡಿ. ಅಲ್ಲಿ ಸಿಗ್ನಲ್ ಇಲ್ಲದೆ, ಎದುರಿನ ವಾಹನಗಳನ್ನು ಅಡ್ಡ ದಾಟಿ ತಿರುಗಬೇಕಾದರೆ ಉಳಿಸಿದ ಸಮಯವೆಲ್ಲ ಅಲ್ಲೇ ಕರಗುತ್ತದೆ.

ನಿಂತು ನಿಂತು ಸಾಗುವ ರಸ್ತೆಯಲ್ಲಿ ಮುಂದಿನ ಕಾರಿಗೆ ಕನಿಷ್ಠ 2 ಸೆಕೆಂಡಿನ ಅಂತರ ಬಿಡಿ. ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ದಾರಿಯಲ್ಲಿ 22 ಕಾರು ಓಡಿಸಿದಾಗ, ಯಾವ ಅಡ್ಡಿಯೂ ಇಲ್ಲದೆ ಜಾಮ್ ಹುಟ್ಟಿತು. ಒಬ್ಬರ ವೇಗ ತುಸು ಏರುಪೇರಾದರೆ ಹಿಂದಿನವರು ಇನ್ನಷ್ಟು ಬ್ರೇಕ್ ಒತ್ತುತ್ತಾರೆ. ಅಂತರವಿದ್ದರೆ ಆ ಅಲೆ ನಿಮ್ಮಲ್ಲೇ ಇಂಗುತ್ತದೆ.

ಸಂಜೆಗೆ ಬೇರೆಯೇ ಪಟ್ಟಿ ಮಾಡಿ. ಅಂಗಡಿ, ಆಟ, ಟ್ಯೂಷನ್ ಎಂದು ಓಡಾಟ ಹರಡಿಕೊಳ್ಳುವುದರಿಂದ ಬೆಳಗಿನ ಲೆಕ್ಕ ಸಂಜೆಗೆ ಒಗ್ಗುವುದಿಲ್ಲ.