ಬೀದರ್ ಥಂಡಿಗೆ ಹೀಟರ್ ಯಾಕೆ?

ನಮ್ಮ ಬೀದರ್ ಕಡೆಯ ಥಂಡಿ ರಾತ್ರಿಯದು. ಡಿಸೆಂಬರ್‌ನಲ್ಲೂ ಮಧ್ಯಾಹ್ನ ಸ್ವೆಟರ್ ಹಾಕಿಕೊಂಡು ಗಾಂಧಿಗಂಜ್‌ಗೆ ಹೋದರೆ ಬೆವರು ಬರುತ್ತದೆ. ಹೊತ್ತು ಮುಳುಗಿದ ಮೇಲೆ ಕಥೆನೇ ಬೇರೆ. ಊರು ಎತ್ತರದಲ್ಲಿದೆ, ಸಮುದ್ರ ದೂರ, ಗಾಳಿ ಒಣ, ಆಕಾಶದಲ್ಲಿ ಮೋಡ ಇಲ್ಲ. ಹಗಲೆಲ್ಲ ನೆಲ ಕಾದಿದ್ದೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಬೆಳಗಿನ ಜಾವಕ್ಕೆ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳೂ ಇವೆ. ಅಂದರೆ ನಮಗೆ ಬೇಕಾದ ಕಾವು ದಿನಾ ಮಧ್ಯಾಹ್ನ ಪುಕ್ಕಟೆ ಸಿಗುತ್ತದೆ. ಅದನ್ನು ರಾತ್ರಿವರೆಗೆ ಮನೆಯೊಳಗೆ ಹಿಡಿದಿಡುವುದಷ್ಟೇ ನಮ್ಮ ಕೆಲಸ.

ಈಗ ಚಳಿ ಅಂದ ಕೂಡಲೇ ಹೀಟರ್ ತರುತ್ತಾರೆ. ದೊಡ್ಡ ಹೀಟರ್ 2000 ವಾಟ್‌ದು, ತಾಸಿಗೆ 2 ಯೂನಿಟ್ ಎಳೆಯುತ್ತದೆ. ರಾತ್ರಿ ಮೂರು ತಾಸು ಹಚ್ಚಿದರೆ ತಿಂಗಳಿಗೆ 180 ಯೂನಿಟ್ ಅದೊಂದೇ ತಿಂದುಹಾಕುತ್ತದೆ. ಗೃಹಜ್ಯೋತಿ ಇರುವ ಮನೆಯವರು ಇದನ್ನು ನೆನಪಿಡಬೇಕು. ತಿಂಗಳಿಗೆ 200 ಯೂನಿಟ್ ದಾಟಿತೋ, ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲೇ ಕಟ್ಟಬೇಕು.

ಮೊದಲು ಕಿಟಕಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ದೂರದವರೆಗೆ ಬರುತ್ತದೆ. ಒಂಬತ್ತು ಗಂಟೆಯಿಂದ ಆ ಪರದೆಗಳನ್ನು ಪೂರ್ತಿ ಸರಿಸಿಬಿಡಿ. ಸಂಜೆ ಐದರೊಳಗೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ದೀಪ ಹಚ್ಚುವ ಹೊತ್ತಿಗೆ ಮುಚ್ಚೋಣ ಅಂದರೆ ಒಳಗಿನ ಕಾವು ಆಗಲೇ ಹೋಗಿರುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೆ ಪಂಚೆಯನ್ನು ಉದ್ದಕ್ಕೆ ಸುತ್ತಿ ಇಟ್ಟರೆ ಸಾಕು.

ಇನ್ನು ನೆಲ. ಶಹಾಬಾದ್ ಫರ್ಸಿ ಬೇಸಿಗೆಯಲ್ಲಿ ಸ್ವರ್ಗ, ಚಳಿಗಾಲದಲ್ಲಿ ಕಾಲಿನ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಕೂರುವ ಜಾಗದಲ್ಲಿ ಗೋಣಿಚೀಲ ಹಾಸಿ ಮೇಲೆ ಜಮಖಾನ ಹಾಕಿ. ಬರೀ ಜಮಖಾನಕ್ಕಿಂತ ಇದು ಎಷ್ಟೋ ವಾಸಿ. ಮನೆಯೊಳಗೆ ಚಪ್ಪಲಿ ಹಾಕಲು ಹಿರಿಯರು ಒಪ್ಪುವುದಿಲ್ಲ, ಅವರಿಗೆ ಕಾಲುಚೀಲ ಕೊಡಿ.

ಹಾಸಿಗೆ ವಿಷಯಕ್ಕೆ ಬಂದರೆ ನಾನು ಕೌದಿ ಪಕ್ಷ. ಹಳೆ ಹತ್ತಿ ಸೀರೆಗಳನ್ನು ಪದರ ಪದರವಾಗಿ ಇಟ್ಟು ಒತ್ತಾಗಿ ಹೊಲಿದ ಕೌದಿಯ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಒಂದು ದಪ್ಪ ರಗ್ಗಿಗಿಂತ ಎರಡು ತೆಳು ಹೊದಿಕೆ ಮೇಲು ಅನ್ನುವುದಕ್ಕೂ ಇದೇ ಕಾರಣ. ಆದರೆ ಜನ ಮೇಲೆ ಮೇಲೆ ಹೊದೆಯುತ್ತಾರೆ, ಕೆಳಗೆ ಹಾಸುವುದನ್ನು ಮರೆಯುತ್ತಾರೆ. ಹೊರಸಿನ ಮೇಲೆ ಮಲಗುವವರಿಗೆ ಥಂಡಿ ಕೆಳಗಿನಿಂದಲೇ ಬರುತ್ತದೆ, ಯಾಕಂದರೆ ಹಗ್ಗದ ನಡುವೆ ಗಾಳಿ ಆಡುತ್ತದೆ, ಮೈ ಭಾರಕ್ಕೆ ಗಾದಿಯೂ ಚಪ್ಪಟೆಯಾಗುತ್ತದೆ. ಎರಡು ಕೌದಿ ಇದ್ದರೆ ಒಂದನ್ನು ಕೆಳಗೆ ಹಾಕಿ. ಅವನ್ನು ಹಗಲು ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ, ನಾಲ್ಕು ಗಂಟೆಗೆ ಇನ್ನೂ ಬಿಸಿ ಇರುವಾಗಲೇ ಬಿಗಿಯಾಗಿ ಮಡಚಿ ತನ್ನಿ. ಪಸೆ ಹೋದ ಕೌದಿ ಬೇಗ ಬೆಚ್ಚಗಾಗುತ್ತದೆ. ಅಂಗಡಿಯ ನುಣುಪು ಬ್ಲಾಂಕೆಟ್ ನೋಡಲು ಚಂದ, ನನಗಂತೂ ಕೌದಿಯ ಭಾರ ಇಲ್ಲದೆ ನಿದ್ದೆ ಹತ್ತುವುದಿಲ್ಲ.

ಬಿಸಿನೀರಿನ ರಬ್ಬರ್ ಚೀಲವನ್ನು ಮಲಗುವ ಮುಂಚೆ ಹಾಸಿಗೆಯ ಕಾಲ ಬದಿಗೆ ಇಟ್ಟರೆ ಇಡೀ ಹಾಸಿಗೆ ಹಿತವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ಸ್ಪರ್ಶ ಕಮ್ಮಿ ಇರಬಹುದು, ಸುಟ್ಟರೂ ಗೊತ್ತಾಗುವುದಿಲ್ಲ. ಅಂಥವರು ಮಲಗುವಾಗ ಚೀಲ ತೆಗೆದುಬಿಡಬೇಕು.

ಸ್ನಾನದ ನೀರಿನಲ್ಲೂ ಉಳಿತಾಯ ಇದೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಬೆಳಿಗ್ಗೆ ಕೊರೆಯುತ್ತಿರುತ್ತದೆ, ಆಗಷ್ಟೇ ಎತ್ತಿದ ಬೋರ್ ನೀರು ಬೆಚ್ಚಗಿರುತ್ತದೆ. ಬೋರ್ ಇದ್ದರೆ ಆ ನೀರನ್ನೇ ಕಾಯಿಸಿ. ಮನೆಯಲ್ಲಿರುವ ಹಿರಿಯರು ಹನ್ನೊಂದು ಗಂಟೆ ಮೇಲೆ ಸ್ನಾನ ಮಾಡಲಿ, ಅಷ್ಟರಲ್ಲಿ ಟ್ಯಾಂಕಿನ ನೀರಿನ ಚಳಿಯೂ ಬಿಟ್ಟಿರುತ್ತದೆ. ಬಕೆಟ್‌ಗೆ ರಾಡ್ ಹಾಕುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಊಟದ ಬಗ್ಗೆ ನಾನೇನು ಹೇಳಲಿ. ಎಳ್ಳಮಾಸಿಗೆ ಹೊಲಕ್ಕೆ ಒಯ್ಯುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ನಿಮಗೆ ಗೊತ್ತೇ ಇದೆ, ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಮಲಗುವ ಕೋಣೆಯೊಳಗೆ ಕೆಂಡ ಇಡಬೇಡಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು ಹಿಂದಿನಿಂದ ಬಂದದ್ದು, ನಿಜ. ಆದರೆ ಹಳೆ ಮಣ್ಣಿನ ಮಾಳಿಗೆ ಮನೆಗೆ ಬೆಳಕಿಂಡಿ ಇತ್ತು, ಬಾಗಿಲಲ್ಲಿ ಸಂದಿ ಇತ್ತು, ಹೊಗೆಗೆ ದಾರಿ ಇತ್ತು. ಈಗಿನ ಆರ್‌ಸಿಸಿ ಕೋಣೆಗೆ ಅಲ್ಯೂಮಿನಿಯಂ ಕಿಟಕಿ ಜಡಿದರೆ ಗಾಳಿ ಆಡುವುದೇ ಕಷ್ಟ. ಹೊಗೆ ಆರಿದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ, ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆ. ಬಾಣಂತಿಗೂ ಮಗುವಿಗೂ ಕೌದಿ, ಟೋಪಿ, ಕಾಲುಚೀಲ ಸಾಕು. ಕಾಯಿಸಿಕೊಳ್ಳಲೇಬೇಕು ಅನಿಸಿದರೆ ತೊಗರಿ ಕಟ್ಟಿಗೆ ಅಂಗಳದಲ್ಲಿ ಹಚ್ಚಿ, ಅಲ್ಲೇ ಆರಿಸಿ ಒಳಗೆ ಬನ್ನಿ.

ಮನೆಯಲ್ಲಿ ವಯಸ್ಸಾದವರಿದ್ದು ಹೀಟರ್ ಬೇಕೇ ಬೇಕು ಅನ್ನುವುದಾದರೆ ಸಣ್ಣದು ಕೊಳ್ಳಿ. ಎಲ್ಲರೂ ಒಂದೇ ಸಣ್ಣ ಕೋಣೆಯಲ್ಲಿ ಮಲಗಿ. ಮಲಗುವ ಮುಂಚೆ ಅರ್ಧ ತಾಸು ಹಚ್ಚಿ, ಆಮೇಲೆ ಆರಿಸಿಬಿಡಿ. ಕೌದಿ, ಪರದೆಯಿಂದ ಮೂರಡಿಯಾದರೂ ದೂರ ಇರಲಿ. ಸಾದಾ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಅದನ್ನು ಹಾಕಬೇಡಿ, ವೈರ್ ಕಾದು ಕರಗುತ್ತದೆ. ಗೋಡೆಯ ದೊಡ್ಡ 16 ಆಂಪಿಯರ್ ಸಾಕೆಟ್‌ಗೇ ನೇರ ಹಾಕಿ.